ಕಡಕ್ ರೊಟ್ಟಿ ಕಟ್ಟಿಕೊಂಡು ಕಡಲ ದಂಡೆಗೆ: ಕುಮಟಾದಿಂದ ಗೋಕರ್ಣಕ್ಕೆ ಮೂರು ದಿನ

ಮೊದಲಿಗೇ ಒಂದು ಮಾತು. ಸಮುದ್ರದ ಕಡೆ ಹೋಗುವಾಗ ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾವು ಬಾಗಲಕೋಟೆಯವರು. ಹೋಗಿದ್ದು ಮೂರೇ ಜನ. ನಾನು, ನಮ್ಮ ಕಾಕಾ, ಕಾಕಾನ ಮಗ, ಅಂದರೆ ನನ್ನ ತಮ್ಮ. ಕಾಕಾ ರಿಟೈರ್ ಆದ ಮಾಸ್ತರು, ಅರವತ್ಮೂರು ವಯಸ್ಸು. ಸಮುದ್ರ ನೋಡಿದ್ದು ಒಂದೇ ಸಲ. ಅದೂ ಶಾಲೆ ಹುಡುಗರನ್ನು ಮುರ್ಡೇಶ್ವರಕ್ಕೆ ಟ್ರಿಪ್ ಕರೆದುಕೊಂಡು ಹೋದಾಗ. 'ಅವತ್ತು ಸಮುದ್ರ ಎಲ್ಲಿ ನೋಡ್ದೆ, ಎಂಬತ್ತು ಹುಡುಗೂರ ತಲಿ ಎಣಿಸೂದ್ರಾಗ ದಿನಾ ಹೋತು' ಅನ್ನುತ್ತಾರೆ. ಹಾಗಾಗಿ ಈ ಸಲ ಬಸ್ಸಿಳಿದು ಫೋಟೋ ಹೊಡೆದು ವಾಪಸ್ ಬರೋದು ಬೇಡ, ಕುಮಟಾದಿಂದ ಗೋಕರ್ಣದವರೆಗೆ ದಂಡೆ ಹಿಡಿದು ನಡೆದೇ ಹೋಗೋಣ, ರಾತ್ರಿ ಟೆಂಟ್ ಹಾಕೋಣ ಅಂತ ತಮ್ಮ ಹಟ ಹಿಡಿದ. ಕಾಕಾ ಒಪ್ಪುವುದಿಲ್ಲ ಅಂದುಕೊಂಡಿದ್ದೆ. ನಾನು ಹೂಂ ಅನ್ನುವುದರೊಳಗೆ ಅವರು ಹೊಸ ಟಾವೆಲ್ ತಂದಾಗಿತ್ತು.

ಹೊರಟಿದ್ದು ಡಿಸೆಂಬರಿನಲ್ಲಿ, ಹೊಸ್ತಿಲ ಹುಣ್ಣಿಮೆಗೆ ಎರಡು ದಿನ ಮುಂಚೆ. ರಾತ್ರಿ ಬೆಳದಿಂಗಳು ಸಿಗುತ್ತದೆ ಅನ್ನೋದು ನಮ್ಮ ಲೆಕ್ಕ. ಹುಣ್ಣಿಮೆ ಬಂದರೆ ಸಮುದ್ರವೂ ಏರುತ್ತದೆ ಅನ್ನೋದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಕಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಲವತ್ತು ಬಡಿದು, ಹಳೇ ಧೋತರದ ತುಂಡಿನಲ್ಲಿ ಕಟ್ಟಿ ಕೊಟ್ಟರು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಕೆಂಪು ಖಾರ. ರಾತ್ರಿ ಬಸ್ಸು, ಹುಬ್ಬಳ್ಳಿಯಲ್ಲಿ ಇನ್ನೊಂದು ಬಸ್ಸು. ಅರಬೈಲ್ ಘಟ್ಟ ಯಾವಾಗ ಇಳಿದೆವೋ ಗೊತ್ತಿಲ್ಲ, ಮೂವರೂ ನಿದ್ದೆಯಲ್ಲಿದ್ದೆವು.

ಮೊದಲ ದಿನ: ಕುಮಟಾದಿಂದ ಬಾಡ

ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಗೊತ್ತಾಗಿದ್ದು ಗಾಳಿ. ಚಳಿಗಾಲದ ಬೆಳಿಗ್ಗೆ ಆರೂವರೆಗೇ ಮೈ ಅಂಟಂಟು. ನಮ್ಮೂರಲ್ಲಿ ಡಿಸೆಂಬರ್ ಅಂದರೆ ತುಟಿ ಒಡೆಯುವ ಕಾಲ. ಹತ್ತಿರದ ಹೋಟೆಲಿನಲ್ಲಿ ಬನ್ಸ್ ಭಾಜಿ ತಿಂದೆವು. ಬನ್ಸ್ ಅಂದರೆ ಬಾಳೆಹಣ್ಣು ಹಾಕಿ ನಾದಿದ ದಪ್ಪ ಪೂರಿ ಇದ್ದ ಹಾಗೆ, ಸ್ವಲ್ಪ ಸಿಹಿ. ಕಾಕಾ ಒಂದು ತುತ್ತು ಬಾಯಿಗಿಟ್ಟು ಸುಮ್ಮನಾದರು. 'ಪೂರಿಗೆ ಯಾರೋ ಸಕ್ಕರಿ ಚೆಲ್ಲ್ಯಾರೇನಪಾ?' ಅಂದರು. ಆಮೇಲೆ ಮೂರು ತಿಂದರು.

ಆಟೋದಲ್ಲಿ ವನ್ನಳ್ಳಿಗೆ ಹೋಗಿ ಅಲ್ಲಿಂದ ನಡಿಗೆ ಶುರು. ಈ ದಾರಿಯ ರೀತಿ ಹೇಗೆಂದರೆ, ಒಂದು ಮರಳ ದಂಡೆ, ಆಮೇಲೆ ಸಮುದ್ರಕ್ಕೆ ಮೂತಿ ಚಾಚಿ ಮಲಗಿದ ಒಂದು ಗುಡ್ಡ, ಗುಡ್ಡ ಹತ್ತಿ ಇಳಿದರೆ ಮತ್ತೊಂದು ದಂಡೆ. ಗುಡ್ಡದ ಮೇಲೆಲ್ಲ ಕೆಂಪು ಚಿರೆಕಲ್ಲು, ಮಂಡಿವರೆಗೆ ಒಣಗಿದ ಹುಲ್ಲು, ಅಂಚಿನಲ್ಲಿ ಕೇದಿಗೆ ಪೊದೆ. ದಾರಿ ಅಂದರೆ ದನ ನಡೆದ ಸವಕಲು ಗೆರೆ, ಅಷ್ಟೇ. ಅದು ಎರಡಾಗಿ ಒಡೆದಾಗ ನಾವು ಸಮುದ್ರದ ಕಡೆಯದನ್ನೇ ಹಿಡಿಯುತ್ತಿದ್ದೆವು, ಅದು ಹತ್ತರಲ್ಲಿ ನಾಲ್ಕು ಸಲ ಕೇದಿಗೆ ಪೊದೆಯಲ್ಲಿ ಮುಗಿಯುತ್ತಿತ್ತು. ಕೇದಿಗೆ ಎಲೆಯ ಅಂಚು ಗರಗಸ ಇದ್ದ ಹಾಗೆ. ಅರ್ಧ ಚಡ್ಡಿ ಹಾಕಿಕೊಂಡು ಬಂದಿದ್ದ ತಮ್ಮನ ಕಾಲು ಮಧ್ಯಾಹ್ನದ ಹೊತ್ತಿಗೆ ಮಗ್ಗಿ ಕೋಷ್ಟಕದ ಹಾಗೆ ಗೀರು ಗೀರು. ಉದ್ದ ಪ್ಯಾಂಟೇ ವಾಸಿ.

ಮಂಗೊಡ್ಲು ದಂಡೆಯಲ್ಲಿ ಒಬ್ಬ ನರಪಿಳ್ಳೆ ಇರಲಿಲ್ಲ. ನಾನು ಹೊಸ ಟ್ರೆಕ್ಕಿಂಗ್ ಶೂ ಹಾಕಿ ಒಣ ಮರಳಿನಲ್ಲಿ ಏದುಸಿರು ಬಿಡುತ್ತಿದ್ದೆ. ಕಾಕಾ ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಟಾವೆಲ್ ತಲೆಗೆ ಸುತ್ತಿ, ಅಲೆ ಬಂದು ಹೋದ ಹಸಿ ಮರಳಿನ ಮೇಲೆ ಜಮಖಾನ ಹಾಸಿದ ಹಾಗೆ ನಡೆದು ಹೋದರು. ಹಸಿ ಮರಳು ಗಟ್ಟಿ, ಒಣ ಮರಳು ಹೂತುಕೊಳ್ಳುತ್ತದೆ. ಮ್ಯಾಪಿನಲ್ಲಿ ತೋರಿಸುವ ಕಿಲೋಮೀಟರ್ ನಂಬಬೇಡಿ, ಒಣ ಮರಳಿನ ಒಂದು ಕಿಲೋಮೀಟರು ಡಾಂಬರಿನ ಎರಡಕ್ಕೆ ಸಮ. ಮಂಗೊಡ್ಲು ದಾಟುವ ಹೊತ್ತಿಗೆ ನನ್ನ ಶೂ ಕೂಡ ಬ್ಯಾಗಿಗೆ ನೇತಾಡುತ್ತಿತ್ತು.

ಕಡ್ಲೆ ದಂಡೆ ಉದ್ದಕ್ಕಿದೆ. ಹನ್ನೊಂದು ಗಂಟೆಗೆ ಬಿಸಿಲು ನೆತ್ತಿಗೆ ಹೊಡೆಯಿತು, ತಲಾ ಎರಡು ಲೀಟರ್ ನೀರು ಖಾಲಿ. ತೋಟದ ಒಂದು ಮನೆಗೆ ಹೋಗಿ ಕೇಳಿದೆವು. ಆ ಮನೆಯ ಬಾವಿ ಸಮುದ್ರದಿಂದ ಕೂಗಳತೆ ದೂರ. ಉಪ್ಪಿರುತ್ತದೆ ಅಂದುಕೊಂಡು ಕಾಕಾ ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿದರು. ಎಳನೀರಿನಷ್ಟು ಸಿಹಿ! ನಮ್ಮ ನವನಗರದ ಬೋರಿನ ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತದೆ, ಸಮುದ್ರದ ಬಗಲಿನಲ್ಲಿ ಇಂಥಾ ನೀರು. ಮಾಸ್ತರಿಕೆ ಜಾಗೃತವಾಯಿತು. ಮಳೆ ನೀರು ಹಗುರ, ಉಪ್ಪು ನೀರು ಭಾರ, ಹಾಗಾಗಿ ಮರಳಿನ ಅಡಿಯಲ್ಲಿ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲಿಕೊಂಡು ಕೂತಿರುತ್ತದೆ, ಪಂಪ್ ಹಚ್ಚಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ ಅಂತ ನಿಂತಲ್ಲೇ ಅರ್ಧ ಪಿರಿಯಡ್ ಪಾಠ ಆಯಿತು. ಮನೆಯವರು ಕೊಡ ಹಿಡಿದುಕೊಂಡು ಕೇಳುತ್ತಾ ನಿಂತಿದ್ದರು. 'ಅದಕ್ಕೇ ನಾವು ಪಂಪ್ ಹಾಕುದಿಲ್ಲ' ಅಂದರು. ಕಾಕಾ ಪಾಠ ನಿಲ್ಲಿಸಿದರು.

ಅಲ್ಲೇ ನೆರಳಲ್ಲಿ ರೊಟ್ಟಿ ಗಂಟು ಬಿಚ್ಚಿದೆವು. ನಿನ್ನೆ ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿದ್ದ ರೊಟ್ಟಿ ಇವತ್ತು ಎತ್ತಿದರೆ ಕರ್ಚೀಫಿನ ಹಾಗೆ ಜೋತು ಬಿತ್ತು. ಮುರಿಯುವ ಮಾತೇ ಇಲ್ಲ, ಹರಿಯಬೇಕು. ಅರ್ಧ ದಿನದ ಕಡಲ ಗಾಳಿ, ಅಷ್ಟಕ್ಕೇ! ಶೇಂಗಾ ಚಟ್ನಿ ಡಬ್ಬಿಯಲ್ಲಿ ಉಂಡೆ ಕಟ್ಟಿತ್ತು. ತಮ್ಮ ಮುಖ ಸಣ್ಣ ಮಾಡಿದ. 'ಮೆತ್ತಗಿದ್ರ ಏನಾತು, ಹಲ್ಲಿಲ್ಲದ ಕಾಲಕ್ಕ ರೂಢಿ ಆಗ್ತದ' ಅಂದರು ಕಾಕಾ.

ಸಂಜೆ ಬಾಡ ತಲುಪಿದೆವು. ಕಾಂಚಿಕಾ ಪರಮೇಶ್ವರಿ ದೇವಸ್ಥಾನ ಇರುವ ಊರು. ಎಲ್ಲೆಂದರಲ್ಲಿ ಟೆಂಟ್ ಹೊಡೆದರೆ ರಾತ್ರಿ ಬಂದು ಎಬ್ಬಿಸುತ್ತಾರೆ ಅಂತ ಕೇಳಿದ್ದರಿಂದ ದಂಡೆ ಪಕ್ಕದ ಒಂದು ಮನೆಯಲ್ಲಿ ಕೇಳಿದೆವು. ಮನೆಯಲ್ಲಿದ್ದದ್ದು ಐವತ್ತರ ಆಸುಪಾಸಿನ ಒಬ್ಬ ಅಮ್ಮ. ಹಿತ್ತಲಲ್ಲಿ ಹಾಕಿಕೊಳ್ಳಿ ಅಂದರು. ನಾವು ಆಯ್ದುಕೊಂಡಿದ್ದು ಎರಡು ತೆಂಗಿನ ಮರದ ನಡುವಿನ ಜಾಗ, ಫೋಟೋಗೆ ಚೆನ್ನಾಗಿತ್ತು. ಅಮ್ಮ ಅಡುಗೆ ಮನೆಯಿಂದ ಓಡಿ ಬಂದರು. 'ಎಂತ ಮಾರಾಯ್ರೇ, ಅದ್ರಡಿಗೆ ಮಲಗುದಾ? ಕಾಯಿ ತಲೆ ಮೇಲೆ ಬಿದ್ರೆ ನಾನು ಯಾರಿಗೆ ಹೇಳುದು?' ಟೆಂಟ್ ಎತ್ತಿಕೊಂಡು ಗಾಳಿ ಮರಗಳ ಕೆಳಗೆ ಹೋದೆವು. ತಮ್ಮನಿಗೆ ಇನ್ನೂ ಆಸೆ, ಮರಳ ಮೇಲೇ ಹಾಕೋಣ ಅಂದ. ಆಗ ಅಮ್ಮ ದಂಡೆಯಲ್ಲಿ ಒಂದು ಗೆರೆ ತೋರಿಸಿದರು. ಒಣಗಿದ ಕಡ್ಡಿ, ಚಿಪ್ಪು, ಹರಿದ ಬಲೆಯ ದಾರ, ಒಂದು ಹವಾಯಿ ಚಪ್ಪಲಿ, ಎಲ್ಲಾ ಸಾಲಾಗಿ ಬಿದ್ದಿತ್ತು. ನೀರು ಅಲ್ಲಿವರೆಗೆ ಬಂದು ಕಸ ಬಿಟ್ಟು ಹೋಗುತ್ತದಂತೆ. ಮಲಗುವವರು ಆ ಗೆರೆಯಿಂದ ಮೇಲೆ ಮಲಗಬೇಕು. ಇಷ್ಟೇ ಶಾಸ್ತ್ರ.

ಇಲ್ಲಿ ಕಾಕಾನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹಳೇ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ, ಘಟಪ್ರಭಾ ಹೊಳೆ ಕಡೆಗೆ. ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ನಾನಾಗ ಚಿಕ್ಕವನು, ನನಗೆ ನೆನಪಿರುವುದು ಲಾರಿಯಲ್ಲಿ ಸಾಮಾನು ಹೇರಿದ್ದು ಮಾತ್ರ. ಕಾಕಾ ಮಾತ್ರ ನೀರು ಏರುವ ದಿನಗಳಲ್ಲಿ ದಿನಾ ಸಂಜೆ ಸೈಕಲ್ ಹೊಡೆದುಕೊಂಡು ಹೋಗಿ, ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಬರುತ್ತಿದ್ದರಂತೆ. ಮರುದಿನ ಕಲ್ಲು ಕಾಣುತ್ತದಾ ಇಲ್ಲವಾ ನೋಡೋದು. ಡ್ಯಾಮಿನಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್ ಅನ್ನೋದು ನಮ್ಮ ಮನೆಯಲ್ಲಿ ಹುಟ್ಟಿದ ತಾರೀಖಿನಷ್ಟು ಪಾಠ. ಇನ್ನು 524.256ಕ್ಕೆ ಏರಿಸುವ ಮಾತು ಪೇಪರಿನಲ್ಲಿ ಬಂದಾಗಲೆಲ್ಲ ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಓದುತ್ತಾರೆ.

ಆ ಸಂಜೆಯೂ ಹಾಗೇ. ನೀರು ದೂರ ಇಳಿದಿತ್ತು. ಕಾಕಾ ಗಾಳಿ ಮರದ ಒಂದು ಕೋಲು ತೆಗೆದುಕೊಂಡು ಹೋಗಿ, ನೀರಿನ ಅಂಚಿನಲ್ಲಿ ಕಲ್ಲಿನಿಂದ ಬಡಿದು, ಮೊಣಕೈಯಷ್ಟು ಆಳಕ್ಕೆ ನೆಟ್ಟು ಬಂದರು. ನಾವಿಬ್ಬರೂ ನೋಡಿ ಸುಮ್ಮನಿದ್ದೆವು.

ಅಮ್ಮ ಊಟಕ್ಕೆ ಕರೆದರು. ಕೆಂಪಕ್ಕಿ ಅನ್ನ, ಬಂಗಡೆ ಸಾರು. ಕಾಕಾ ಮೀನು ತಿನ್ನುವುದಿಲ್ಲ ಅಂತ ಅವರಿಗೆ ಬೇರೆ ತಂಬುಳಿ, ಮಾವಿನ ಮಿಡಿ ಉಪ್ಪಿನಕಾಯಿ. ನಮ್ಮ ಕೆಂಪು ಖಾರ ಒಂದು ಚಮಚ ಅಮ್ಮನಿಗೆ ಕೊಟ್ಟೆವು. ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು, ಡಬ್ಬಿಗೆ ಇನ್ನೂ ನಾಲ್ಕು ಚಮಚ ಹಾಕಿಸಿಕೊಂಡರು.

ಒಂಬತ್ತಕ್ಕೆ ದಂಡೆಗೆ ಹೋದರೆ ಕೋಲು ಕಾಣಲಿಲ್ಲ. ಬ್ಯಾಟರಿ ಬಿಟ್ಟು ನೋಡಿದೆವು, ಬೆಳದಿಂಗಳಲ್ಲಿ ಬ್ಯಾಟರಿ ಬೇಕೂ ಇರಲಿಲ್ಲ, ಬರೀ ಬಿಳಿ ನೊರೆ. 'ಏರಾಕ್ಹತ್ತೈತೋ' ಅಂದರು ಕಾಕಾ. ದನಿ ಬೇರೆಯಾಗಿತ್ತು. ನಾವು ಮಲಗಲು ಹೋದೆವು, ಅವರು ಬರಲಿಲ್ಲ. ಹತ್ತೂವರೆಗೆ ಎದ್ದು ನೋಡಿದರೆ ಕಸದ ಗೆರೆಯ ಪಕ್ಕ ಟಾವೆಲ್ ಹೊದ್ದು ಕೂತಿದ್ದಾರೆ. ನೀರು ಗೆರೆಯಿಂದ ಹತ್ತು ಹೆಜ್ಜೆ ಕೆಳಗೆ. ಒಂದು ಅಲೆ ಎರಡು ಹೆಜ್ಜೆ ಮುಂದೆ ಬರುತ್ತದೆ, ಮುಂದಿನದು ಬರುವುದಿಲ್ಲ. ಮಾಮೂಲಿನಂತೆ ಕೊಟ್ಟಿಗೆ ನೋಡಲು ಎದ್ದಿದ್ದ ಅಮ್ಮ ಇವರನ್ನು ಕಂಡು ಬಂದರು.

'ಮಾಸ್ತರ್ರೇ, ನಿದ್ದೆ ಬರುದಿಲ್ವಾ?'

'ಅಲ್ರೀ ಅಕ್ಕಾರ, ಇದರ ಗೇಟು ಯಾರು ತಗೀತಾರ?'

ಅಮ್ಮನಿಗೆ ಅರ್ಥ ಆಗಲಿಲ್ಲ. ನಾನು ಡ್ಯಾಮಿನ ಕತೆ ಹೇಳಿದೆ. ಅವರು ನಗಲಿಲ್ಲ. ಮೇಲೆ ಚಂದ್ರನ ಕಡೆ ಕೈ ತೋರಿಸಿ, 'ಅಂವ ಬಂದ ಕೂಡ್ಲೆ ಬತ್ತದೆ, ಇನ್ನೊಂದು ತಾಸಿಗೆ ಇಳಿತ ಶುರು' ಅಂದು ಒಳಗೆ ಹೋದರು.

ಎರಡನೇ ದಿನ: ಕಿರುಬೇಲೆ, ಅಘನಾಶಿನಿ, ಬೇಲೆಕಾನ

ಬೆಳಿಗ್ಗೆ ಐದೂವರೆಗೆ ಕಾಕಾ ನಮ್ಮ ಟೆಂಟಿನ ಜಿಪ್ ಎಳೆದರು. 'ಏಳ್ರೋ. ಕೋಲು ಐತಿ.' ಹೌದು, ಇತ್ತು. ಸ್ವಲ್ಪ ವಾಲಿಕೊಂಡು, ಬುಡಕ್ಕೆ ಹಸಿರು ಪಾಚಿ ಸುತ್ತಿಕೊಂಡು, ಅಲ್ಲೇ ನಿಂತಿತ್ತು. ನೀರು ಅದರಿಂದ ಇನ್ನೂ ಆಚೆ ಹೋಗಿತ್ತು. ಕಾಕಾ ಅದನ್ನು ಕೀಳಲಿಲ್ಲ. ಸುತ್ತ ಒಂದು ಸುತ್ತು ಹಾಕಿ ಬಂದರು. 'ನಮ್ಮಲ್ಲಿ ಬ್ಯಾಸಗಿಗೆ ಒಮ್ಮೆ ಇಳೀತದ, ಹಳೇ ಕಟ್ಟಿ ಕಾಣ್ತಾವ. ಇದು ದಿನಕ್ಕ ಎರಡು ಸರತಿ!' ಅಂತ ಚಹಾ ಕುಡಿಯುವವರೆಗೂ ಹೇಳುತ್ತಲೇ ಇದ್ದರು.

ಇಷ್ಟು ನೋಡಿಯೂ ನಾವು ಬುದ್ಧಿ ಕಲಿಯಲಿಲ್ಲ. ಬೆಳಿಗ್ಗೆ ಇಳಿದಿದೆ ಅಂದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಏರುತ್ತದೆ ಅಲ್ವಾ? ಆರಾಮಾಗಿ ತಿಂಡಿ ತಿಂದು, ಫೋಟೋ ಹೊಡೆದು, ಕಿರುಬೇಲೆ ಕಡೆಯ ಬಂಡೆಗಳ ಹತ್ತಿರ ಬರುವಾಗ ಗಂಟೆ ಹತ್ತೂವರೆ. ದಾಟಬೇಕಾದ ಬಂಡೆ ಸಾಲಿನ ಮೇಲೆ ಅಲೆ ಒಡೆಯುತ್ತಿದೆ. ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬ ಅಜ್ಜ, ಈಗ ಬೇಡ, ಎರಡು ತಾಸು ಕೂತ್ಕೊಳ್ಳಿ, ಇಲ್ಲಾಂದ್ರೆ ಗುಡ್ಡದ ಮೇಲಿಂದ ಹೋಗಿ ಅಂದರು. ಕಾಕಾ ಕೂತೇಬಿಟ್ಟರು. ತಮ್ಮ ಮಾತ್ರ, ಹತ್ತು ಹೆಜ್ಜೆ ತಾನೇ ಅಂತ ಹೊರಟ. ರೊಟ್ಟಿ ಗಂಟು ಅವನ ಬ್ಯಾಗಿನಲ್ಲಿತ್ತು.

ಆರನೇ ಹೆಜ್ಜೆಗೆ ಪಾಚಿ. ಜಾರಿ ಕೂತ, ಕೂತಲ್ಲಿಗೇ ಅಲೆ ಬಂತು, ಸೊಂಟದವರೆಗೆ ಮುಳುಗಿಸಿ ಹೋಯಿತು. ಕಪ್ಪೆಚಿಪ್ಪು ಕಚ್ಚಿಕೊಂಡ ಬಂಡೆ, ಅಂಗೈ ಕೊಯ್ದುಕೊಂಡ. ಅಜ್ಜ ಎದ್ದು ಬಂದು ಕೈ ಕೊಟ್ಟು ಎಳೆದರು. ಬೈಯಲಿಲ್ಲ, ಅದೇ ಅವನಿಗೆ ಜಾಸ್ತಿ ನಾಚಿಕೆಯಾಯಿತು. ದೊಡ್ಡದೇನೂ ಆಗಲಿಲ್ಲ ನಿಜ, ಆದರೆ ಎರಡನೇ ಅಲೆ ಸ್ವಲ್ಪ ದೊಡ್ಡದಿದ್ದಿದ್ದರೆ ನಾನು ಇದನ್ನು ನಗುತ್ತಾ ಬರೆಯುತ್ತಿರಲಿಲ್ಲ. ಉಬ್ಬರದ ಹೊತ್ತು ದಿನಾ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ತಡವಾಗುತ್ತಾ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಹೊರಡುವ ಮುಂಚೆ ಊರವರನ್ನು ಒಂದು ಮಾತು ಕೇಳಿದರೆ ಸಾಕು, ಗಡಿಯಾರ ನೋಡದೇ ಹೇಳುತ್ತಾರೆ. ನಾವು ಗುಡ್ಡದ ಮೇಲಿನ ದಾರಿ ಹಿಡಿದೆವು.

ಮಧ್ಯಾಹ್ನ ಅಘನಾಶಿನಿ ಊರು. ಹೊಳೆಯ ಹೆಸರೂ ಅದೇ, ಊರಿನ ಹೆಸರೂ ಅದೇ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಇಲ್ಲಿ ಸಮುದ್ರ ಸೇರುತ್ತದೆ. ಒಂದು ಮನೆಯಲ್ಲಿ ಗಂಜಿ ಊಟ ಸಿಕ್ಕಿತು. ಉಂಡು ದಕ್ಕೆಯ ಹತ್ತಿರ ಕೂತಾಗ ನೀರು ಇಳಿಯಲು ಶುರುವಾಗಿತ್ತು. ನೋಡ ನೋಡುತ್ತಾ ಹೊಳೆಯ ನಡುವೆ ಮರಳಿನ ಬೆನ್ನು ಎದ್ದಿತು. ಹೆಂಗಸರು ಬುಟ್ಟಿ ಹಿಡಿದು ಮೊಣಕಾಲು ನೀರಿಗೆ ಇಳಿದರು. ಬೆಳಚು, ಅಂದರೆ ಚಿಪ್ಪುಮೀನು ತೆಗೆಯುವುದು. ಮೊದಲು ಕಾಲಿನ ಬೆರಳಲ್ಲಿ ಮರಳು ಒತ್ತಿ ನೋಡುತ್ತಾರೆ, ಗಟ್ಟಿ ತಾಗಿದರೆ ಬಗ್ಗಿ ಎರಡೂ ಕೈಯಲ್ಲಿ ಬಾಚುತ್ತಾರೆ, ನೀರಲ್ಲೇ ಅಲುಗಿಸಿ ಮರಳು ಬಿಟ್ಟು ಚಿಪ್ಪು ಉಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಶೇಂಗಾ ಆರಿಸುವ ಹೆಂಗಸರ ಅದೇ ಬಗ್ಗಿದ ಬೆನ್ನು. ಮಾತೂ ಅಷ್ಟೇ ಜೋರು.

ತದಡಿಗೆ ದಾಟಿಸುವ ದೋಣಿಯಲ್ಲಿ ಬೈಕುಗಳೂ ನಮ್ಮ ಜೊತೆ ಹತ್ತಿದವು. ಚಿಲ್ಲರೆ ಇಟ್ಟುಕೊಂಡಿರಿ. ಕಾಕಾ ದೋಣಿಯವರ ಪಕ್ಕ ಜಾಗ ಹಿಡಿದರು.

'ಈ ಹೊಳಿಗೆ ಡ್ಯಾಮ್ ಎಲ್ಲಿ ಬರ್ತದ್ರೀ?'

'ಡ್ಯಾಮಾ? ಇಲ್ಲ.'

'ಒಂದೂ?'

'ಒಂದೂ ಇಲ್ಲ ಮಾರಾಯ್ರೇ.'

ಕಾಕಾ ನನ್ನ ಕಡೆ ತಿರುಗಿ, ನಿಜವಾ ಅನ್ನುವ ಹಾಗೆ ನೋಡಿದರು. ನಿಜ. ಹುಟ್ಟಿದಲ್ಲಿಂದ ಸಮುದ್ರದವರೆಗೆ ಸುಮಾರು 120 ಕಿಲೋಮೀಟರ್, ಅಣೆಕಟ್ಟು ಕಟ್ಟದೇ ಉಳಿದ ಹೊಳೆ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರಿಗೂ ಜಗ್ಗದ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ ಅಂತ ದೋಣಿಯವರೇ ಹೇಳಿದರು. ಕಾಕಾ ಆಮೇಲೆ ಇನ್ನೊಂದು ಲೆಕ್ಕ ತೆಗೆದರು. ನಮ್ಮ ಘಟಪ್ರಭಾ ಹುಟ್ಟುವುದೂ ಇದೇ ಸಹ್ಯಾದ್ರಿಯಲ್ಲಿ, ಈ ಸಮುದ್ರ ಹತ್ತಿರವೇ ಇದ್ದರೂ ಬೆನ್ನು ತಿರುಗಿಸಿ, ಕೃಷ್ಣೆ ಸೇರಿ, ಅಷ್ಟು ದೂರದ ಇನ್ನೊಂದು ಸಮುದ್ರಕ್ಕೆ ಹೋಗುತ್ತದೆ. 'ಈ ಕಡಿ ಇಳಿದಿದ್ರ ಎರಡು ದಿನದಾಗ ಮನಿ ಮುಟ್ಟತಿತ್ತು' ಅಂದರು.

ರಾತ್ರಿ ಬೇಲೆಕಾನದಲ್ಲಿ ಒಂದು ಮನೆಯ ಅಂಗಳ. ಆವತ್ತೇ ಹುಣ್ಣಿಮೆ. ನಾನೂ ತಮ್ಮನೂ ಸತ್ತ ಹಾಗೆ ಮಲಗಿದೆವು. ಕಾಕಾ ಕೋಲು ನೆಡಲಿಲ್ಲ. ಗೊರಕೆ ಮಾತ್ರ ಅಲೆಗೆ ಪೈಪೋಟಿ ಕೊಟ್ಟಿತು.

ಮೂರನೇ ದಿನ: ಗೋಕರ್ಣ

ಈ ದಿನದ ದಂಡೆಗಳ ಹೆಸರು ನಿಮಗೆಲ್ಲ ಗೊತ್ತು. ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಬೆಳಿಗ್ಗೆ ಆರಕ್ಕೇ ಹೊರಟೆವು, ಈ ಸಲ ಇಳಿತ ಕೇಳಿಕೊಂಡೇ. ಪ್ಯಾರಡೈಸಿನಿಂದ ಹಾಫ್ ಮೂನ್‌ವರೆಗಿನ ಬಂಡೆ ದಾರಿ ಇಡೀ ನಡಿಗೆಯಲ್ಲಿ ಕಷ್ಟದ್ದು, ಕೈ ಖಾಲಿ ಇರಬೇಕು, ಬ್ಯಾಗ್ ಬೆನ್ನಿಗೇ ಇರಲಿ. ಕಾಕಾ ಕೂತು ಕೂತು ಜಾರಿಕೊಂಡು ಇಳಿದರು. ಪ್ಯಾಂಟಿನ ಹಿಂಭಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಓಂ ಬೀಚ್ ಮೇಲಿಂದ ನೋಡಿದರೆ ಚೆಂದ, ಕೆಳಗೆ ಇಳಿದರೆ ಸಂತೆ. ಎರಡು ದಿನ ನಮ್ಮದೇ ಹೆಜ್ಜೆ ನೋಡಿದ ಮೇಲೆ ಅಷ್ಟು ಜನ, ಅಷ್ಟು ಸ್ಪೀಕರು ಕಂಡು ನನಗೆ ಸಿಟ್ಟೇ ಬಂತು. ಕಾಕಾನಿಗೆ ಮಾತ್ರ ಖುಷಿ, ಹುಬ್ಬಳ್ಳಿಯ ಒಂದು ಕುಟುಂಬ ಸಿಕ್ಕಿ ಅರ್ಧ ಗಂಟೆ ಹರಟೆ. ಕುಡ್ಲೆ ದಾಟಿ ಗುಡ್ಡ ಇಳಿದರೆ ಗೋಕರ್ಣ. ಕೋಟಿತೀರ್ಥದಲ್ಲಿ ಕಾಲು ತೊಳೆದು, ಮಹಾಬಲೇಶ್ವರನಿಗೆ ಕೈ ಮುಗಿದು, ಕೋಕಂ ಶರಬತ್ತು ಕುಡಿದು ಹುಬ್ಬಳ್ಳಿ ಬಸ್ಸು ಹತ್ತಿದೆವು.

ಮನೆಗೆ ಬಂದಾಗ ಕಾಕಿ ಮೊದಲು ಬಿಚ್ಚಿದ್ದು ರೊಟ್ಟಿ ಗಂಟು. ಹದಿನೇಳು ಉಳಿದಿದ್ದವು. ಕಿರುಬೇಲೆಯ ಅಲೆ ಅಂಚಿಗೆ ಮಾತ್ರ ತಾಗಿತ್ತು. 'ಇವೇನ್ರೀ, ಚಪಾತಿ ಆಗ್ಯಾವು!' ಅಂದರು. ಬಿಸಾಡಿ ಅಂದರೂ ಕೇಳಲಿಲ್ಲ. ಮಾಳಿಗೆ ಮೇಲೆ ಧೋತರ ಹಾಸಿ ಒಂದೊಂದಾಗಿ ಬಿಸಿಲಿಗೆ ಹರವಿದರು. ಸಂಜೆ ಕಾಕಾ ಒಂದು ತಂದು ಬೆರಳಲ್ಲಿ ತಟ್ಟಿದರು. ಟಣ್ ಅಂತು. ಮುರಿದು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, ಇನ್ನೊಂದು ತುಂಡು ನನಗೆ ಕೊಟ್ಟರು.

'ಉಪ್ಪು ಒಂಚೂರು ಜಾಸ್ತಿ ಆಗೈತಿ.'